ಲಿನಕ್ಸ್ ಅಪ್‌ಡೇಟ್ ಅರ್ಧಕ್ಕೆ ನಿಂತಾಗ: ಕೊನೆಯ ಸಾಲು ಬಿಡಿ, ಮೊದಲ ದೋಷ ಹುಡುಕಿ

ಅಪ್‌ಡೇಟ್ ಕೈಕೊಟ್ಟಾಗ ಹೆಚ್ಚಿನವರ ಕಣ್ಣು ಹೋಗುವುದು ಟರ್ಮಿನಲ್‌ನ ಕೊನೆಯ ಸಾಲಿನ ಮೇಲೆ. ಉಬುಂಟು, ಡೆಬಿಯನ್, ಮಿಂಟ್‌ಗಳಲ್ಲಿ ಆ ಸಾಲು ಸಾಮಾನ್ಯವಾಗಿ ‘ಇ: ಸಬ್-ಪ್ರೊಸೆಸ್ ಡಿಪಿಕೆಜಿ ರಿಟರ್ನ್ಡ್ ಆ್ಯನ್ ಎರರ್ ಕೋಡ್ 1’ ಎಂದಿರುತ್ತದೆ. ಇದನ್ನೇ ಎತ್ತಿಕೊಂಡು ಹುಡುಕಿದರೆ ರಾಶಿ ರಾಶಿ ಉತ್ತರ ಸಿಗುತ್ತವೆ, ನಿಮ್ಮ ತೊಂದರೆಗೆ ಹೊಂದುವುದು ಅದರಲ್ಲಿ ಒಂದೂ ಇರಲಿಕ್ಕಿಲ್ಲ. ಡಿಪಿಕೆಜಿ ಎಂದರೆ ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಂತೆಗಳನ್ನು) ಬಿಚ್ಚಿ ಅಳವಡಿಸುವ ಉಪಕರಣ. ಒಳಗೆ ಏನೋ ಕೆಟ್ಟಿದೆ ಎನ್ನುವುದಕ್ಕಿಂತ ಹೆಚ್ಚು ಆ ಸಾಲು ಏನನ್ನೂ ಹೇಳುವುದಿಲ್ಲ. ಏನು ಕೆಟ್ಟಿತು ಎಂಬುದು ಇಪ್ಪತ್ತು ಮೂವತ್ತು ಸಾಲು ಮೇಲೆ ಕೂತಿರುತ್ತದೆ. ಆದ್ದರಿಂದ ಮೊದಲ ಕೆಲಸ, ಪರದೆಯನ್ನು ಮೇಲಕ್ಕೆ ಸರಿಸಿ ದೋಷದ ಮೊದಲ ಸಾಲನ್ನು ಹುಡುಕುವುದು. ‘ಡಬ್ಲ್ಯೂ’ಯಿಂದ ಶುರುವಾಗುವ ಸಾಲು ಬರೀ ಎಚ್ಚರಿಕೆ, ‘ಇ’ಯಿಂದ ಶುರುವಾಗುವುದು ನಿಜವಾದ ದೋಷ. ಕಿಟಕಿ ಮುಚ್ಚಿಬಿಟ್ಟಿದ್ದರೂ ಚಿಂತೆಯಿಲ್ಲ. ಕಂತೆ ಬಿಚ್ಚುವಾಗ, ಅಳವಡಿಸುವಾಗ ಪರದೆಯಲ್ಲಿ ಬಂದದ್ದೆಲ್ಲ ‘/ವಾರ್/ಲಾಗ್/ಆಪ್ಟ್/ಟರ್ಮ್.ಲಾಗ್’ ಫೈಲಿನಲ್ಲಿ ಉಳಿದಿರುತ್ತದೆ. ಯಾವಾಗ ಯಾವ ಪ್ಯಾಕೇಜ್ ಬಂತು, ಹೋಯಿತು ಎಂಬುದು ಅದೇ ಫೋಲ್ಡರಿನ ‘ಹಿಸ್ಟರಿ.ಲಾಗ್’ನಲ್ಲಿದೆ.

ಗ್ರಾಫಿಕಲ್ ಅಪ್‌ಡೇಟರ್ ‘ಏನೋ ತಪ್ಪಾಗಿದೆ’ ಎಂದು ಹೇಳಿ ಸುಮ್ಮನಾದರೆ ಅದನ್ನು ಮುಚ್ಚಿ ಟರ್ಮಿನಲ್‌ಗೆ ಬನ್ನಿ. ಅದರ ಬಾಯಿಂದ ಇನ್ನೇನೂ ಹೊರಡುವುದಿಲ್ಲ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಯಾವ ಹಂತದಲ್ಲಿ ನಿಂತಿತು?

ಅಪ್‌ಡೇಟ್ ಎಂದರೆ ಒಂದೇ ಕೆಲಸವಲ್ಲ. ಸರ್ವರ್‌ನಿಂದ ಪ್ಯಾಕೇಜ್‌ಗಳ ಪಟ್ಟಿ ತರಿಸಬೇಕು, ಪಟ್ಟಿಯ ಸಹಿ ಪರೀಕ್ಷಿಸಬೇಕು, ಯಾವುದಕ್ಕೆ ಯಾವುದು ಬೇಕು ಎಂದು ಲೆಕ್ಕ ಹಾಕಬೇಕು, ಫೈಲ್ ಇಳಿಸಿಕೊಳ್ಳಬೇಕು, ಬಿಚ್ಚಬೇಕು, ಕೊನೆಗೆ ಅಳವಡಿಸಬೇಕು. ಮೊದಲ ಎರಡು ‘ಸುಡೊ ಆಪ್ಟ್ ಅಪ್‌ಡೇಟ್’ ಮಾಡುವ ಕೆಲಸ, ಉಳಿದದ್ದು ‘ಸುಡೊ ಆಪ್ಟ್ ಅಪ್‌ಗ್ರೇಡ್’ನದ್ದು. (ಆಪ್ಟ್ ಎಂದರೆ ಡಿಪಿಕೆಜಿಯನ್ನು ನಡೆಸುವ ಪ್ಯಾಕೇಜ್ ವ್ಯವಸ್ಥಾಪಕ, ಸುಡೊ ಎಂದರೆ ಕಮಾಂಡನ್ನು ನಿರ್ವಾಹಕರ ಅಧಿಕಾರದಲ್ಲಿ ಓಡಿಸುವುದು.) ಎರಡನ್ನೂ ಒಂದೇ ಸಾಲಿನಲ್ಲಿ ಹೊಸೆದು ಓಡಿಸುವ ಅಭ್ಯಾಸ ಇದ್ದರೆ, ದೋಷ ಹುಡುಕುವಾಗಲಾದರೂ ಬೇರೆ ಬೇರೆ ಓಡಿಸಿ. ಮೊದಲನೆಯದು ಸೋತರೆ ಕಾರಣ ನೆಟ್‌ವರ್ಕ್, ಗಡಿಯಾರ, ಸಹಿ ಅಥವಾ ರೆಪೊ (ಪ್ಯಾಕೇಜ್ ಭಂಡಾರ) ವಿಳಾಸ. ಎರಡನೆಯದು ಸೋತರೆ ಡಿಸ್ಕ್, ಅವಲಂಬನೆ ಅಥವಾ ಯಾವುದೋ ಪ್ಯಾಕೇಜಿನ ಒಳಗಿನ ಸ್ಕ್ರಿಪ್ಟ್. ಇಷ್ಟು ವಿಂಗಡಿಸಿದರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಪಟ್ಟಿಯೇ ಬರದಿದ್ದರೆ

‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’ ಎಂದು ಬಂದರೆ ಸರ್ವರ್ ಹೆಸರನ್ನು ಸಂಖ್ಯಾ ವಿಳಾಸವಾಗಿಸುವ ಡಿಎನ್‌ಎಸ್ ಕೆಲಸ ಮಾಡುತ್ತಿಲ್ಲ. ‘ಪಿಂಗ್ 1.1.1.1’ ಓಡುತ್ತದೆ, ಸರ್ವರ್ ಹೆಸರಿಗೆ ಪಿಂಗ್ ಓಡುವುದಿಲ್ಲ ಎಂದರೆ ಖಾತ್ರಿಯಾದಂತೆ. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ಯಾವ ಡಿಎನ್‌ಎಸ್ ಸರ್ವರ್ ಹಿಡಿದಿದೆ ನೋಡಿ. ವಿಪಿಎನ್ ಕಡಿದುಹೋದ ಮೇಲೆ ಅದರ ಡಿಎನ್‌ಎಸ್ ಹಾಗೇ ಉಳಿದಿರುವುದು ಬಹಳ ಸಾಮಾನ್ಯ. ಆಫೀಸಿನ ಪ್ರಾಕ್ಸಿಯ ಹಿಂದೆ ಇದ್ದೀರಾದರೆ ಇನ್ನೊಂದು ಮಾತು. ನಿಮ್ಮ ಯೂಸರ್ ಖಾತೆಯಲ್ಲಿ ಹಾಕಿಟ್ಟ ಪ್ರಾಕ್ಸಿ ಸೆಟ್ಟಿಂಗ್ ‘ಸುಡೊ’ ದಾಟಿ ಹೋಗುವುದಿಲ್ಲ. ಬ್ರೌಸರ್ ಚೆನ್ನಾಗಿ ನಡೆಯುತ್ತದೆ, ಆಪ್ಟ್ ಮಾತ್ರ ಕಾದು ಕಾದು ಸೋಲುತ್ತದೆ. ಪ್ರಾಕ್ಸಿಯನ್ನು ‘/ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ’ ಒಳಗೆ ಪ್ರತ್ಯೇಕವಾಗಿ ಬರೆಯಬೇಕು.

‘ನೋಸ್ಪ್ಲಿಟ್’ ಎಂಬ ವಿಚಿತ್ರ ಪದ ಕಂಡರೆ ಗಾಬರಿಯಾಗಬೇಡಿ. ಲಾಗಿನ್ ಕೇಳುವ ವೈಫೈನಲ್ಲಿ ಇದ್ದೀರಿ, ಪ್ಯಾಕೇಜ್ ಪಟ್ಟಿಯ ಬದಲು ಲಾಗಿನ್ ಪುಟ ಆಪ್ಟ್‌ನ ಕೈಗೆ ಬಂದಿದೆ, ಅದರಲ್ಲಿ ಸಹಿ ಹುಡುಕಿ ಅದು ತಬ್ಬಿಬ್ಬಾಗಿದೆ. ಬ್ರೌಸರ್ ತೆರೆದು ಲಾಗಿನ್ ಆದರೆ ಮುಗಿಯಿತು.

‘ಹ್ಯಾಷ್ ಸಮ್ ಮಿಸ್‌ಮ್ಯಾಚ್’ ಬಂದರೆ ಪಟ್ಟಿಯಲ್ಲಿ ಹೇಳಿದ ಫೈಲ್ ಬೇರೆ, ಕೈಗೆ ಬಂದದ್ದು ಬೇರೆ. ಮಿರರ್ (ರೆಪೊದ ಪ್ರತಿ ಇಟ್ಟ ಸರ್ವರ್) ಆಗತಾನೇ ಹೊಸ ಫೈಲ್‌ಗಳನ್ನು ತುಂಬಿಕೊಳ್ಳುತ್ತಿರಬಹುದು, ಇಲ್ಲವೇ ನಡುವಿನ ಪ್ರಾಕ್ಸಿ ಹಳಸಿದ ಪ್ರತಿ ಕೊಡುತ್ತಿರಬಹುದು. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆಗಲೂ ಆಗದಿದ್ದರೆ ‘/ವಾರ್/ಲಿಬ್/ಆಪ್ಟ್/ಲಿಸ್ಟ್ಸ್’ ಒಳಗಿನ ಫೈಲ್‌ಗಳನ್ನು ಅಳಿಸಿ ಮತ್ತೆ ಅಪ್‌ಡೇಟ್ ಮಾಡಿ. ಅವು ಇಳಿಸಿಕೊಂಡ ಪಟ್ಟಿಗಳಷ್ಟೇ, ಹೋದರೆ ಮತ್ತೆ ಬರುತ್ತವೆ. ಆದರೆ ಮಿರರ್ ಬದಲಿಸಿದರೂ ಪ್ರತಿ ಸಲ ಬೇರೆ ಬೇರೆ ಫೈಲಿನಲ್ಲಿ ಇದೇ ದೋಷ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಡುವುದು ಒಳ್ಳೆಯದು.

‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಎನ್ನುವುದು ಗಡಿಯಾರದ ದೂರು. ನಿಮ್ಮ ಕಂಪ್ಯೂಟರ್ ಹಿಂದಿನ ದಿನಾಂಕದಲ್ಲಿದೆ, ಆದ್ದರಿಂದ ಸರ್ವರ್‌ನ ಪಟ್ಟಿ ಅದಕ್ಕೆ ‘ಇನ್ನೂ ಹುಟ್ಟದ’ ಪಟ್ಟಿಯಂತೆ ಕಾಣುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ಸಮಯ ನೋಡಿ, ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ ಕೊಟ್ಟು ಸರಿಮಾಡಿ. ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದಾಗಲೂ ದಿನಾಂಕ ಹಿಂದಕ್ಕೆ ಓಡಿದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032.

404 ಬಂದರೆ ಯಾವ ಫೈಲಿಗೆ ಬಂತು ಎಂದು ನೋಡಿ. ಒಂದು ಪ್ಯಾಕೇಜ್ ಫೈಲಿಗೆ, ಅಂದರೆ ‘.ಡೆಬ್’ಗೆ ಬಂದರೆ ನಿಮ್ಮಲ್ಲಿರುವ ಪಟ್ಟಿ ಹಳತಾಗಿದೆ, ಸರ್ವರ್‌ನಲ್ಲಿ ಆಗಲೇ ಹೊಸ ಆವೃತ್ತಿ ಬಂದಿದೆ. ಇನ್ನೊಮ್ಮೆ ‘ಆಪ್ಟ್ ಅಪ್‌ಡೇಟ್’ ಮಾಡಿದರೆ ಸಾಕು. ‘ರಿಲೀಸ್’ ಫೈಲಿಗೇ 404 ಬಂದರೆ ನಿಮ್ಮ ಆವೃತ್ತಿಯ ರೆಪೊ ಆ ವಿಳಾಸದಲ್ಲಿ ಇಲ್ಲವೇ ಇಲ್ಲ. ಒಂದೋ ಹೊರಗಿನ ರೆಪೊದವರು ನಿಮ್ಮ ಆವೃತ್ತಿಗೆ ಪ್ಯಾಕೇಜ್ ಕಟ್ಟಿಲ್ಲ, ಅಥವಾ ನಿಮ್ಮ ಆವೃತ್ತಿಯ ಕಾಲ ಮುಗಿದಿದೆ. ಉಬುಂಟುವಿನ ನಡುವಿನ ಆವೃತ್ತಿಗಳಿಗೆ ಸಿಗುವುದು 9 ತಿಂಗಳ ಬೆಂಬಲ, ದೀರ್ಘ ಬೆಂಬಲದ ಎಲ್‌ಟಿಎಸ್‌ಗೆ 5 ವರ್ಷ. ಆಮೇಲೆ ನಡುವಿನ ಆವೃತ್ತಿಗಳ ಫೈಲ್‌ಗಳು ‘ಓಲ್ಡ್-ರಿಲೀಸಸ್’ ಸರ್ವರ್‌ಗೆ ಹೋಗುತ್ತವೆ. ಡೆಬಿಯನ್‌ನಲ್ಲಿ ‘ಆರ್ಕೈವ್’ ಸರ್ವರ್‌ಗೆ. ಅಲ್ಲಿಗೆ ವಿಳಾಸ ತಿರುಗಿಸಿಕೊಂಡು ಹಳೆಯದರಲ್ಲೇ ಕೂರಬೇಡಿ, ಅಲ್ಲಿ ಹೊಸ ಭದ್ರತಾ ತಿದ್ದುಪಡಿ ಬರುವುದಿಲ್ಲ. ಮುಂದಿನ ಆವೃತ್ತಿಗೆ ಏರಲು ಅದು ಮೆಟ್ಟಿಲಾದರೆ ಸಾಕು.

ಇದರಲ್ಲೇ ಒಂದು ಮೋಸದ ರೂಪವಿದೆ. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಆ ಯಂತ್ರಗಳಲ್ಲಿ ಈಗ ಅಲ್ಲಿನ ಪ್ಯಾಕೇಜ್ ಉಪಕರಣ ಯಮ್ ಓಡಿಸಿದರೆ ‘ಮಿರರ್‌ಲಿಸ್ಟ್’ ಸರ್ವರ್‌ನ ಹೆಸರು ಸಿಗುತ್ತಿಲ್ಲ ಎನ್ನುತ್ತದೆ. ನೋಡಿದರೆ ಅಪ್ಪಟ ಡಿಎನ್‌ಎಸ್ ದೋಷ. ಡಿಎನ್‌ಎಸ್ ಸರಿಯಾಗೇ ಇದೆ, ಇಲ್ಲದಿರುವುದು ಆ ಸರ್ವರ್. ನೆಟ್‌ವರ್ಕ್‌ನವರ ಮೇಲೆ ರೇಗುವ ಮೊದಲು ಆವೃತ್ತಿ ಯಾವುದು ಎಂದು ‘ಕ್ಯಾಟ್ /ಇಟಿಸಿ/ಓಎಸ್-ರಿಲೀಸ್’ ಕೊಟ್ಟು ನೋಡಿ.

ಸಹಿಯ ದೋಷಗಳಲ್ಲಿ ‘ನೋ_ಪಬ್‌ಕೀ’ ಎಂದರೆ ಕೀಲಿ ನಿಮ್ಮ ಬಳಿ ಇಲ್ಲ, ‘ಎಕ್ಸ್‌ಪ್‌ಕೀಸಿಗ್’ ಎಂದರೆ ಇದ್ದ ಕೀಲಿಯ ಅವಧಿ ಮುಗಿದಿದೆ. ಹತ್ತಕ್ಕೆ ಒಂಬತ್ತು ಸಲ ಇದು ಹೊರಗಿನಿಂದ ಸೇರಿಸಿದ ರೆಪೊ. ಅದರ ತಯಾರಕರ ಪುಟದಿಂದಲೇ ಹೊಸ ಕೀಲಿ ತಂದು ‘/ಇಟಿಸಿ/ಆಪ್ಟ್/ಕೀರಿಂಗ್ಸ್’ ಒಳಗಿಟ್ಟು, ರೆಪೊ ಫೈಲಿನಲ್ಲಿ ‘ಸೈನ್ಡ್-ಬೈ’ ಎಂದು ಅದನ್ನು ತೋರಿಸಿ. ಹಳೆಯ ಬರಹಗಳು ಹೇಳುವ ‘ಆಪ್ಟ್-ಕೀ’ ಕಮಾಂಡಿನ ಕಾಲ ಮುಗಿದಿದೆ. ‘ಟ್ರಸ್ಟೆಡ್=ಯೆಸ್’ ಎಂದು ಬರೆದು ಪರೀಕ್ಷೆಯನ್ನೇ ತಪ್ಪಿಸುವ ಸಲಹೆಯನ್ನು ಮಾತ್ರ ಕೇಳಬೇಡಿ. ದೋಷ ಮಾಯವಾಗುತ್ತದೆ, ಜೊತೆಗೆ ರಕ್ಷಣೆಯೂ. ಆ ರೆಪೊ ಬೇಡವಾಗಿದ್ದರೆ ‘/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ’ ಒಳಗಿನ ಅದರ ಫೈಲ್ ತೆಗೆದುಬಿಡಿ. ಅಂದಹಾಗೆ ಉಬುಂಟು 24.04ರಲ್ಲಿ ಮುಖ್ಯ ರೆಪೊದ ವಿವರವೂ ಇದೇ ಫೋಲ್ಡರಿನ ‘ಉಬುಂಟು.ಸೋರ್ಸಸ್’ ಫೈಲಿಗೆ ಬಂದಿದೆ. ‘ಸೋರ್ಸಸ್.ಲಿಸ್ಟ್’ ಖಾಲಿ ಇದೆ ಎಂದು ಗಾಬರಿಯಾಗಿ ಹಳೆಯ ಸಾಲುಗಳನ್ನು ತುಂಬಿಸಲು ಹೋಗಬೇಡಿ.

ಲಾಕ್: ಅಳಿಸಬೇಡಿ, ಕಾಯಿರಿ

‘ಕುಡ್ ನಾಟ್ ಗೆಟ್ ಲಾಕ್ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್‌ಎಂಡ್’. ಇದಕ್ಕೆ ಸಿಗುವ ಸಲಹೆಗಳಲ್ಲಿ ಅರ್ಧದಷ್ಟು ‘ಆ ಫೈಲನ್ನು ಅಳಿಸಿ’ ಎಂದೇ ಹೇಳುತ್ತವೆ. ಈ ಒಂದು ಸಲಹೆ ಕೆಡಿಸಿದಷ್ಟು ಯಂತ್ರಗಳನ್ನು ಬೇರಾವುದೂ ಕೆಡಿಸಿರಲಾರದು ಎಂದು ನನ್ನ ಅನುಮಾನ.

ಡಿಪಿಕೆಜಿಯ ಲಾಕ್ ಇರುವುದು ಆ ಫೈಲ್ ಇದೆ ಎಂಬುದರಲ್ಲಿ ಅಲ್ಲ. ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ, ಅದರ ಮೇಲೆ ಓಡುತ್ತಿರುವ ಪ್ರೊಸೆಸ್ ಕರ್ನಲ್ (ಲಿನಕ್ಸ್‌ನ ತಿರುಳು) ಮೂಲಕ ಹಿಡಿತ ಹಾಕಿಕೊಂಡಿರುತ್ತದೆ. ಆ ಪ್ರೊಸೆಸ್ ಮುಗಿದರೂ ಸತ್ತರೂ ಕರ್ನಲ್ ತಾನಾಗಿಯೇ ಹಿಡಿತ ಬಿಡಿಸುತ್ತದೆ. ಅಂದರೆ ಈ ಸಂದೇಶ ಬಂದಿದೆ ಎಂದಾದರೆ ಆ ಕ್ಷಣದಲ್ಲಿ ಯಾರೋ ನಿಜವಾಗಿಯೂ ಕೆಲಸ ಮಾಡುತ್ತಿದ್ದಾರೆ. ಫೈಲ್ ಅಳಿಸಿದರೆ ಅವರ ಕೆಲಸ ನಿಲ್ಲುವುದಿಲ್ಲ, ನಿಮಗೆ ಹೊಸದೊಂದು ಫೈಲ್ ಹುಟ್ಟುತ್ತದೆ, ಇಬ್ಬರೂ ಒಂದೇ ಡೇಟಾಬೇಸಿಗೆ ಏಕಕಾಲಕ್ಕೆ ಬರೆಯತೊಡಗುತ್ತೀರಿ.

ಯಾರು ಹಿಡಿದಿದ್ದಾರೆ ಎಂಬುದೂ ಆ ಸಂದೇಶದಲ್ಲೇ ಇರುತ್ತದೆ, ಪ್ರೊಸೆಸ್ ಸಂಖ್ಯೆಯ ಪಕ್ಕದಲ್ಲಿ. ಬಹಳ ಸಲ ಅಲ್ಲಿ ‘ಅನ್‌ಅಟೆಂಡೆಡ್-ಅಪ್‌ಗ್ರ್’ ಎಂದು ಮೊಂಡಾದ ಹೆಸರು ಕಾಣುತ್ತದೆ. ಕರ್ನಲ್ ಪ್ರೊಸೆಸ್ ಹೆಸರನ್ನು 15 ಅಕ್ಷರಕ್ಕೆ ಕತ್ತರಿಸುತ್ತದೆ, ಅದಕ್ಕೇ ಹಾಗೆ. ಕಂಪ್ಯೂಟರ್ ಆನ್ ಆದ ಕೂಡಲೇ ಹಿನ್ನೆಲೆಯಲ್ಲಿ ಓಡುವ ಸ್ವಯಂಚಾಲಿತ ಭದ್ರತಾ ಅಪ್‌ಡೇಟ್ ಅದು. ಹತ್ತು ನಿಮಿಷ ಬಿಡಿ, ಮುಗಿಯುತ್ತದೆ. ಗಂಟೆ ಕಳೆದರೂ ಬಿಡದಿದ್ದರೆ ‘ಪಿಎಸ್’ನಲ್ಲಿ ಆ ಸಂಖ್ಯೆ ಹುಡುಕಿ, ಅದು ಹುಟ್ಟಿಸಿದ ಮರಿ ಪ್ರೊಸೆಸ್‌ಗಳು ಏನು ಮಾಡುತ್ತಿವೆ ನೋಡಿ. ಎಷ್ಟೋ ಸಲ ಇನ್ನೊಂದು ಟರ್ಮಿನಲ್‌ನಲ್ಲಿ ‘ಹಳೆಯ ಕಾನ್ಫಿಗ್ ಉಳಿಸಲೇ, ಹೊಸದು ಹಾಕಲೇ’ ಎಂಬ ಪ್ರಶ್ನೆ ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತದೆ.

ಆರ್ಚ್ ಲಿನಕ್ಸ್‌ನ ಕತೆ ಬೇರೆ. ಅಲ್ಲಿನ ಪ್ಯಾಕೇಜ್ ವ್ಯವಸ್ಥಾಪಕ ಪ್ಯಾಕ್‌ಮ್ಯಾನ್‌ಗೆ ‘/ವಾರ್/ಲಿಬ್/ಪ್ಯಾಕ್‌ಮ್ಯಾನ್/ಡಿಬಿ.ಎಲ್‌ಸಿಕೆ’ ಫೈಲ್ ಇರುವುದೇ ಲಾಕ್. ನಡುವೆ ಕರೆಂಟ್ ಹೋದರೆ ಅದು ಹಾಗೇ ಉಳಿದುಬಿಡುತ್ತದೆ. ಅಲ್ಲಿ ಪ್ಯಾಕ್‌ಮ್ಯಾನ್ ಓಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಅಳಿಸುವುದೇ ಸರಿಯಾದ ದಾರಿ.

ಜಾಗ ಇದೆ, ಆದರೂ ಜಾಗವಿಲ್ಲ

‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಕಂಡವರು ಫೈಲ್ ಮ್ಯಾನೇಜರ್ ತೆರೆದು ‘ಇನ್ನೂ 200 ಜಿಬಿ ಖಾಲಿ ಇದೆಯಲ್ಲ’ ಎನ್ನುತ್ತಾರೆ. ‘ಡಿಎಫ್ -ಎಚ್’ ಕೊಡಿ, ‘/ಬೂಟ್’ ಎಂಬ ಸಾಲು ಪ್ರತ್ಯೇಕವಾಗಿ ಇದೆಯೇ ನೋಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಸ್ಥಾಪಿಸಿದ ಯಂತ್ರಗಳಲ್ಲಿ ಬೂಟ್‌ಗೆ ಬೇರೆಯೇ ಚಿಕ್ಕ ಪಾರ್ಟಿಷನ್ ಇರುತ್ತದೆ, ಹಳೆಯ ಸ್ಥಾಪನೆಗಳಲ್ಲಿ ಅರ್ಧ ಜಿಬಿಯ ಆಸುಪಾಸು. ಪ್ರತಿ ಕರ್ನಲ್ ಜೊತೆಗೂ ಬೂಟ್ ಆಗುವ ಹೊತ್ತಿಗೆ ಬೇಕಾದ ಡ್ರೈವರ್‌ಗಳಿರುವ ಒಂದು ‘ಇನಿಟ್‌ಆರ್‌ಡಿ’ ಫೈಲ್ ಬರುತ್ತದೆ, ಅದೇ ನೂರು ಎಂಬಿ ತಿನ್ನಬಹುದು. ಹೊಸದನ್ನು ಕಟ್ಟುವಾಗ ಮೊದಲು ‘.ನ್ಯೂ’ ಎಂಬ ಹೆಸರಿನಲ್ಲಿ ಪೂರ್ತಿ ಬರೆದು ಆಮೇಲೆ ಹಳೆಯದರ ಜಾಗಕ್ಕೆ ತರುವುದರಿಂದ, ಒಂದು ಫೈಲಿನಷ್ಟು ಹೆಚ್ಚುವರಿ ಜಾಗವೂ ಬೇಕು. ಎರಡು ಮೂರು ಕರ್ನಲ್ ಕೂಡಿಬಿದ್ದರೆ ತುಂಬಿಹೋಯಿತು.

ಆಗ ಪರದೆಯಲ್ಲಿ ಕ್ರಮವಾಗಿ ಕಾಣುವುದು ಹೀಗೆ: ಮೊದಲು ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್: ಜನರೇಟಿಂಗ್’, ಅದರ ಕೆಳಗೆ ‘ಝಡ್‌ಸ್ಟ್‌ಡಿ’ ಅಥವಾ ‘ಜಿಝಿಪ್’ ಹೇಳುವ ‘ನೋ ಸ್ಪೇಸ್’ ಸಾಲು, ಆಮೇಲೆ ‘ಎರರ್ ಪ್ರೊಸೆಸಿಂಗ್ ಪ್ಯಾಕೇಜ್ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್’, ಕಟ್ಟಕಡೆಗೆ ಆ ಹಳೆಯ ‘ಎರರ್ ಕೋಡ್ 1’. ಕಾರಣ ಎರಡನೇ ಸಾಲಿನಲ್ಲಿದೆ. ಕೊನೆಯ ಸಾಲು ಹಿಡಿದವರು ಇನಿಟ್‌ರಾಮ್‌ಎಫ್‌ಎಸ್-ಟೂಲ್ಸನ್ನೇ ಕಿತ್ತು ಮತ್ತೆ ಹಾಕಲು ಹೋಗುತ್ತಾರೆ, ಅದು ಕರ್ನಲನ್ನೂ ಎಳೆದುಕೊಂಡು ಹೋಗಬಹುದು.

ಮೊದಲು ‘ಯುನೇಮ್ -ಆರ್’ ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ಎಂದು ಬರೆದಿಟ್ಟುಕೊಳ್ಳಿ. ಅದನ್ನು ಮುಟ್ಟುವಂತಿಲ್ಲ. ನಂತರ ‘ಸುಡೊ ಆಪ್ಟ್ ಆಟೋರಿಮೂವ್ --ಪರ್ಜ್’. ಸಾಮಾನ್ಯವಾಗಿ ಹಳೆಯ ಕರ್ನಲ್‌ಗಳು ಇಷ್ಟಕ್ಕೇ ಹೋಗುತ್ತವೆ. ಆದರೆ ಅರ್ಧ ಅಳವಡಿಕೆಯಾದ ಪ್ಯಾಕೇಜ್ ಇದ್ದಾಗ ಆಟೋರಿಮೂವ್ ಕೂಡ ಮೊದಲು ಅದನ್ನು ಮುಗಿಸಲು ಹೋಗಿ, ಜಾಗವಿಲ್ಲದೆ ತಾನೂ ಬೀಳುತ್ತದೆ. ಜಾಗ ಮಾಡಲು ಜಾಗ ಬೇಕು ಎನ್ನುವ ಈ ಗಂಟು ಬಿಡಿಸಲು, ಅತ್ಯಂತ ಹಳೆಯ ಕರ್ನಲ್‌ನ ಇನಿಟ್‌ಆರ್‌ಡಿ ಫೈಲೊಂದನ್ನು ಬೂಟ್‌ನಿಂದ ನಿಮ್ಮ ಹೋಮ್ ಫೋಲ್ಡರಿಗೆ ಸರಿಸಿ. ಅಳಿಸಬೇಡಿ, ಸರಿಸಿ. ಈಗ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಮುಗಿಯುತ್ತದೆ, ಅದರ ಹಿಂದೆ ಆಟೋರಿಮೂವ್ ಕೂಡ. ಎಲ್ಲ ಮುಗಿದು, ರೀಬೂಟ್ ಆಗಿ, ಹೊಸ ಕರ್ನಲ್ ಮೇಲೆ ಬಂದ ಮೇಲೆ ಆ ಹಳೆಯ ಫೈಲಿಗೆ ವಿದಾಯ ಹೇಳಿ.

ಪದೇ ಪದೇ ತುಂಬುತ್ತಿದ್ದರೆ ‘/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್’ ಫೈಲಿನಲ್ಲಿ ‘ಮಾಡ್ಯೂಲ್ಸ್=ಮೋಸ್ಟ್’ ಎಂಬುದನ್ನು ‘ಡೆಪ್’ ಮಾಡಬಹುದು. ಈ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಸೇರಿ ಫೈಲ್ ಚಿಕ್ಕದಾಗುತ್ತದೆ. ಆದರೆ ಅದೇ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗದೇ ಹೋಗಬಹುದು.

ಮುಖ್ಯ ಪಾರ್ಟಿಷನ್ನೇ ತುಂಬಿದ್ದರೆ ‘ಆಪ್ಟ್ ಕ್ಲೀನ್’, ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=100ಎಂ’ ತಕ್ಷಣಕ್ಕೆ ಉಸಿರಾಡಲು ಜಾಗ ಕೊಡುತ್ತವೆ; ‘100ಎಂ’ನ ಎಂ ದೊಡ್ಡಕ್ಷರ. ಡಿಎಫ್‌ನಲ್ಲಿ ಜಾಗ ಕಂಡರೂ ದೋಷ ಬರುತ್ತಿದ್ದರೆ ‘ಡಿಎಫ್ -ಐ’ ಕೊಡಿ, ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆಯ ಸ್ಥಾನ) ಮುಗಿದಿರಬಹುದು.

ಕಂತೆ ಬಿಚ್ಚಿದ ಮೇಲೆ ಬಿದ್ದರೆ

ನಡುವೆ ಕರೆಂಟ್ ಹೋಗಿದ್ದರೆ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂಬ ಸಂದೇಶವೇ ಪರಿಹಾರವನ್ನೂ ಹೇಳುತ್ತದೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಅದರ ಬೆನ್ನಿಗೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಈ ಎರಡನ್ನು ಇದೇ ಕ್ರಮದಲ್ಲಿ ಕೊಟ್ಟರೆ ಬಹುಪಾಲು ಯಂತ್ರಗಳು ಎದ್ದು ಕೂರುತ್ತವೆ.

‘ಪೋಸ್ಟ್-ಇನ್‌ಸ್ಟಲೇಷನ್ ಸ್ಕ್ರಿಪ್ಟ್’ ಸೋತಿದೆ ಎಂದರೆ ಫೈಲ್‌ಗಳೆಲ್ಲ ಬಂದಿವೆ, ಆ ಪ್ಯಾಕೇಜ್ ಕೊನೆಗೆ ಮಾಡಬೇಕಿದ್ದ ಕೆಲಸ ಕೆಟ್ಟಿದೆ. ಸಾಮಾನ್ಯವಾಗಿ ಅದು ಒಂದು ಸರ್ವಿಸ್ ಚಾಲು ಮಾಡುವ ಕೆಲಸ. ವೆಬ್ ಸರ್ವರ್‌ನ ಕಾನ್ಫಿಗ್ ಫೈಲಿನಲ್ಲಿ ನೀವೇ ಎಂದೋ ಬಿಟ್ಟ ಒಂದು ಅರ್ಧವಿರಾಮ ಸಾಕು, ಸರ್ವಿಸ್ ಏಳುವುದಿಲ್ಲ, ಸ್ಕ್ರಿಪ್ಟ್ ಸೋಲುತ್ತದೆ, ಅಪ್‌ಡೇಟ್ ಮೇಲೆ ಗೂಬೆ ಕೂರುತ್ತದೆ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಮುಂದೆ ಆ ಸರ್ವಿಸ್ ಹೆಸರು ಕೊಟ್ಟು ಕಾರಣ ಓದಿ, ಕಾನ್ಫಿಗ್ ಸರಿಮಾಡಿ, ಮತ್ತೆ ಡಿಪಿಕೆಜಿ ಕಾನ್ಫಿಗರ್ ಓಡಿಸಿ. ಅಷ್ಟಕ್ಕೂ ಗೊತ್ತಾಗದಿದ್ದರೆ ಸ್ಕ್ರಿಪ್ಟ್ ‘/ವಾರ್/ಲಿಬ್/ಡಿಪಿಕೆಜಿ/ಇನ್ಫೋ’ ಒಳಗೆ ಪ್ಯಾಕೇಜ್ ಹೆಸರಿನಲ್ಲೇ ಇದೆ, ತೆರೆದು ಓದಬಹುದು.

‘ಟ್ರೈಯಿಂಗ್ ಟು ಓವರ್‌ರೈಟ್’ ಎಂದರೆ ಒಂದೇ ಫೈಲಿಗೆ ಎರಡು ಪ್ಯಾಕೇಜ್‌ಗಳ ಜಗಳ. ಇನ್ನೊಂದು ಯಾವುದು ಎಂದು ಸಂದೇಶದಲ್ಲೇ ಇದೆ. ಅದು ಹೊರಗಿನ ರೆಪೊದ್ದಾದರೆ ಅದನ್ನು ತೆಗೆದು ಮುಂದುವರಿಯಿರಿ. ಬಲವಂತದ ಓವರ್‌ರೈಟ್ ಆಯ್ಕೆ ಕೊನೆಯ ಅಸ್ತ್ರವಾಗಿರಲಿ.

‘ನೋ ಮಾಡ್ಯೂಲ್ ನೇಮ್ಡ್ ಆಪ್ಟ್_ಪಿಕೆಜಿ’ ಕಂಡರೆ ನೇರವಾಗಿ ಕೇಳಿಕೊಳ್ಳಿ: ಇತ್ತೀಚೆಗೆ ಹೊಸ ಪೈಥಾನ್ ಹಾಕಿ ‘ಪೈಥಾನ್3’ ಹೆಸರನ್ನು ಅದಕ್ಕೆ ತಿರುಗಿಸಿದ್ದೀರಾ? ಉಬುಂಟುವಿನ ಹಲವು ಉಪಕರಣಗಳು ತನ್ನದೇ ಪೈಥಾನ್ ನಂಬಿ ನಿಂತಿವೆ. 22.04ರಲ್ಲಿ ಅದು 3.10, 24.04ರಲ್ಲಿ 3.12. ಹೆಸರನ್ನು ಮೊದಲಿನ ಆವೃತ್ತಿಗೇ ತಿರುಗಿಸಿ, ಹೊಸದನ್ನು ಅದರ ಪೂರ್ಣ ಹೆಸರಿನಿಂದ ಅಥವಾ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೆ ಬಳಸಿ.

‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಬಂದರೆ ಅಪ್‌ಡೇಟ್ ಮರೆತುಬಿಡಿ. ಡಿಸ್ಕಿನಲ್ಲಿ ದೋಷ ಕಂಡು ಕರ್ನಲ್ ಬರೆಯುವುದನ್ನೇ ನಿಲ್ಲಿಸಿದೆ. ಮೊದಲು ನಿಮ್ಮ ಫೈಲ್‌ಗಳ ಪ್ರತಿ ಬೇರೆ ಡಿಸ್ಕಿಗೆ ತೆಗೆಯಿರಿ. ಆಮೇಲೆ ‘ಡಿಮೆಸ್ಗ್’, ‘ಸ್ಮಾರ್ಟ್‌ಸಿಟಿಎಲ್’ ನೋಡಿ. ‘ಎಫ್‌ಎಸ್‌ಸಿಕೆ’ಯನ್ನು ಲೈವ್ ಯುಎಸ್‌ಬಿಯಿಂದಲೇ ಓಡಿಸಿ, ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಅಲ್ಲ.

ದೋಷವೇ ಅಲ್ಲದ ದೋಷ

‘ಕೆಪ್ಟ್ ಬ್ಯಾಕ್’ ಎಂಬ ಪಟ್ಟಿ ನೋಡಿ ಅಪ್‌ಡೇಟ್ ಕೆಟ್ಟಿತು ಎನ್ನುವವರಿದ್ದಾರೆ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಟ್ಟಿಗೆ ಬಿಡದೆ ಹಂತಹಂತವಾಗಿ ಬಿಡುತ್ತದೆ, ನಿಮ್ಮ ಸರದಿ ಇನ್ನೂ ಬಂದಿಲ್ಲ, ಅಷ್ಟೆ. ‘ಆಪ್ಟ್-ಕ್ಯಾಶ್ ಪಾಲಿಸಿ’ ಮುಂದೆ ಪ್ಯಾಕೇಜ್ ಹೆಸರು ಕೊಟ್ಟರೆ ‘ಫೇಸ್ಡ್’ ಎಂದು ಶೇಕಡಾವಾರು ಸಮೇತ ಕಾಣುತ್ತದೆ. ಹಾಗೆ ಕಾಣದಿದ್ದರೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ನೋಡಿ, ನೀವೇ ತಡೆಹಿಡಿದಿರಬಹುದು. ಎರಡೂ ಅಲ್ಲವಾದರೆ ‘ಫುಲ್-ಅಪ್‌ಗ್ರೇಡ್’ ಬೇಕಾಗಬಹುದು. ಆದರೆ ‘ವಿಲ್ ಬಿ ರಿಮೂವ್ಡ್’ ಎಂಬ ಪಟ್ಟಿಯನ್ನು ಪೂರ್ತಿ ಓದದೆ ‘ವೈ’ ಒತ್ತಬೇಡಿ. ಡೆಸ್ಕ್‌ಟಾಪ್ ಪ್ಯಾಕೇಜ್ ಆ ಪಟ್ಟಿಯಲ್ಲಿದ್ದರೆ ಅಲ್ಲಿಗೇ ನಿಲ್ಲಿಸಿ.

ಫೆಡೋರಾದಲ್ಲಿ ಮೊದಲ ಹೆಜ್ಜೆ ‘ಡಿಎನ್‌ಎಫ್ ಕ್ಲೀನ್ ಆಲ್’, ಆವೃತ್ತಿಗಳು ಕಲಸಿಹೋಗಿದ್ದರೆ ‘ಡಿಎನ್‌ಎಫ್ ಡಿಸ್ಟ್ರೋ-ಸಿಂಕ್’. ಅಲ್ಲಿನ ದೊಡ್ಡ ಅನುಕೂಲ ‘ಡಿಎನ್‌ಎಫ್ ಹಿಸ್ಟರಿ’, ಕೆಟ್ಟ ವಹಿವಾಟೊಂದನ್ನು ‘ಅಂಡೂ’ ಮಾಡಲು ಪ್ರಯತ್ನಿಸಬಹುದು. ಆರ್ಚ್‌ನಲ್ಲಿ ಬಹಳ ದಿನ ಬಿಟ್ಟು ಅಪ್‌ಡೇಟ್ ಮಾಡಿದಾಗ ‘ಅನ್‌ನೋನ್ ಟ್ರಸ್ಟ್’ ಬಂದರೆ ಮೊದಲು ಆರ್ಚ್‌ಲಿನಕ್ಸ್-ಕೀರಿಂಗ್ ಹೊಸದು ಹಾಕಿ, ತಡಮಾಡದೆ ಉಳಿದದ್ದೆಲ್ಲವನ್ನೂ ಏರಿಸಿ. ಪಟ್ಟಿ ಮಾತ್ರ ಹೊಸದು ಮಾಡಿ ಒಂದೇ ಪ್ಯಾಕೇಜ್ ಹಾಕಿಕೊಳ್ಳುವ ಅರೆಬರೆ ಅಪ್‌ಡೇಟ್ ಅಲ್ಲಿ ನಡೆಯುವುದಿಲ್ಲ.

ರೀಬೂಟ್ ಆದ ಮೇಲೆ

ಅಪ್‌ಡೇಟ್ ಮುಗಿಯಿತು, ಆದರೆ ಮರುದಿನ ಪರದೆ ಕಪ್ಪು. ಯಾವ ಕರ್ನಲ್‌ನಲ್ಲಿ ಬೂಟ್ ಆಗಬೇಕು ಎಂದು ಆರಿಸುವ ಗ್ರಬ್ ಮೆನು ಕಾಣದಿದ್ದರೆ ಹಳೆಯ ಬಯಾಸ್‌ನಲ್ಲಿ ಶಿಫ್ಟ್, ಯುಇಎಫ್‌ಐನಲ್ಲಿ ಎಸ್ಕೇಪ್ ಒತ್ತಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಎದ್ದರೆ ನಿಮ್ಮ ಫೈಲ್‌ಗಳಿಗೇನೂ ಆಗಿಲ್ಲ, ತೊಂದರೆ ಹೊಸ ಕರ್ನಲ್‌ನ ಸುತ್ತ ಮಾತ್ರ.

ಎನ್ವಿಡಿಯಾ ಕಾರ್ಡ್ ಇದ್ದರೆ ‘ಡಿಕೆಎಂಎಸ್ ಸ್ಟೇಟಸ್’ ನೋಡಿ, ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಿರಲಿಕ್ಕಿಲ್ಲ. ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಇಲ್ಲದಿರುವುದೇ ಸಾಮಾನ್ಯ ಕಾರಣ. ಕಟ್ಟಿದ್ದರೂ ಲೋಡ್ ಆಗದಿದ್ದರೆ ‘ಮಾಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟು ಸೆಕ್ಯೂರ್ ಬೂಟ್ ಚಾಲು ಇದೆಯೇ ನೋಡಿ, ಸಹಿಯಿಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ.

ಕಪ್ಪು ಪರದೆಯ ಬದಲು ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್’ ಎಂದು ಕರ್ನಲ್ ಪ್ಯಾನಿಕ್ ಆಗಿದ್ದರೆ, ಆ ಕರ್ನಲ್‌ಗೆ ಇನಿಟ್‌ಆರ್‌ಡಿ ಸರಿಯಾಗಿ ತಯಾರಾಗಿಲ್ಲ. ಬೂಟ್ ಪಾರ್ಟಿಷನ್ ತುಂಬಿದ್ದನ್ನು ಗಮನಿಸದೆ ರೀಬೂಟ್ ಮಾಡಿದರೆ ಆಗುವುದು ಇದೇ. ಹಿಂದಿನ ಕರ್ನಲ್‌ನಲ್ಲಿ ಎದ್ದು, ಮೇಲೆ ಹೇಳಿದಂತೆ ಜಾಗ ಮಾಡಿ, ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಮುಂದೆ ಹೊಸ ಕರ್ನಲ್‌ನ ಪೂರ್ಣ ಸಂಖ್ಯೆ ಕೊಡಿ. ನಂತರ ‘ಸುಡೊ ಅಪ್‌ಡೇಟ್-ಗ್ರಬ್’. ರೀಬೂಟ್ ಮಾಡುವ ಮೊದಲು ‘ಎಲ್‌ಎಸ್ -ಎಲ್‌ಎಚ್ /ಬೂಟ್’ ಕೊಟ್ಟು, ಹೊಸ ಇನಿಟ್‌ಆರ್‌ಡಿಯ ಗಾತ್ರ ಹಳೆಯದರ ಹತ್ತಿರಹತ್ತಿರ ಇದೆಯೇ ಎಂದು ನೋಡಿ. ಸೊನ್ನೆಯೋ, ಅರ್ಧವೋ ಇದ್ದರೆ ಅದು ಇನ್ನೂ ಪೂರ್ತಿಯಾಗಿಲ್ಲ.